ಅನುಮಾನದ ಪಟ್ಟಿಯಲ್ಲಿದ್ದವರು

ಹೋದ ವಾರ ನಮ್ಮ ಮನೆಯಲ್ಲಿ ಕತ್ತರಿ ಕಾಣೆಯಾಯಿತು. ಬೆಲೆಬಾಳುವ ವಸ್ತುವೇನಲ್ಲ. ಹಾಲಿನ ಪಾಕೀಟು ಕತ್ತರಿಸಲು ಅಡುಗೆಮನೆಯ ಮೊಳೆಗೆ ತೂಗುಹಾಕಿದ, ಕಪ್ಪು ಹಿಡಿಕೆಯ, ತುಸು ಮೊಂಡಾದ ಕತ್ತರಿ. ಮಗಳು ಎರಡು ಡಬ್ಬಿ ಸರಿಸಿ ನೋಡಿ, ಸಿಗದಿದ್ದಾಗ, "ಭಾಂಡೆ ತಿಕ್ಕೋ ಚಂದ್ರವ್ವ ಏನರೆ ಒಯ್ದಳೇನು" ಎಂದಳು. ಅವಳಿಗೆ ಅದು ಸುಮ್ಮನೆ ಬಾಯಿಗೆ ಬಂದ ಮಾತು. ನನಗೆ ಹಾಗಿರಲಿಲ್ಲ. "ಯಾರ ಹೆಸರೂ ತಗೀಬ್ಯಾಡ. ಮೊದಲ ಹುಡುಕು" ಎಂದು ಗದರಿ, ಸೆರಗು ಸಿಕ್ಕಿಸಿಕೊಂಡು ನಾನೇ ಹುಡುಕತೊಡಗಿದೆ. ಹಿಟ್ಟಿನ ಡಬ್ಬಿಯ ಹಿಂದೆ, ಹಳೆಯ ಪೇಪರಿನ ರಾಶಿಯಲ್ಲಿ, ಕಸದ ಬುಟ್ಟಿಯಲ್ಲಿ. ಮರುದಿನ ಚಂದ್ರವ್ವ ಬರುವುದರೊಳಗೆ ಅದು ಸಿಗಲೇಬೇಕಿತ್ತು. ಸಿಗದೆಹೋದರೆ, ಅವಳೊಡನೆ ಮಾತಾಡುವಾಗ ನನ್ನ ಕಣ್ಣಲ್ಲಿ ಅವಳಿಗೆ ಏನಾದರೂ ಕಂಡುಬಿಟ್ಟೀತು ಎಂಬ ಹೆದರಿಕೆ. ಕಡೆಗೆ ಕತ್ತರಿ ಸಿಕ್ಕಿದ್ದು ಫ್ರಿಜ್ಜಿನೊಳಗೆ, ಕೊತ್ತಂಬರಿಯ ಪಕ್ಕದಲ್ಲಿ. ಇಟ್ಟವಳು ನಾನೇ.

"ಒಂದು ಕತ್ತರಿ ಸಲುವಾಗಿ ಇಷ್ಟ್ಯಾಕ ಅಂಜತಿ ಅವ್ವ?" ಎಂದು ಮಗಳು ಕೇಳಿದಳು. ಅವಳಿಗೆ ಉತ್ತರ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಇಂಥ ಅಂಜುಬುರುಕಿ ಓದುವುದು ಏನನ್ನು ಎಂದರೆ ಬರೀ ಕೊಲೆ, ಕಳವು, ಅಪಹರಣ. ಮಂಚದ ಕೆಳಗಿನ ಎರಡು ರಟ್ಟಿನ ಪೆಟ್ಟಿಗೆಗಳ ತುಂಬ ಪತ್ತೇದಾರಿ ಕಾದಂಬರಿಗಳೇ ಇವೆ. ದೊಡ್ಡ ದೊಡ್ಡ ಪುಸ್ತಕ ಓದುವವರು ಮನೆಗೆ ಬಂದು, "ಈಗೇನು ಓದಾಕತ್ತೀರಿ" ಎಂದರೆ, "ಹಿಂಗೇ, ಏನರೆ" ಎಂದು ಚಹಾ ಮಾಡುವ ನೆವದಲ್ಲಿ ಒಳಗೆ ಹೋಗುತ್ತೇನೆ. ಆದರೆ ಮೂವತ್ತು ವರ್ಷ ಓದಿದ ಮೇಲೆ ನನಗೂ ಒಂದಷ್ಟು ಅಭಿಪ್ರಾಯಗಳಿರಬಾರದೇ? ಕೊಲೆ ಮೊದಲ ಇಪ್ಪತ್ತು ಪುಟಗಳೊಳಗೆ ಆಗಿಬಿಡಬೇಕು. ಅದಕ್ಕಿಂತ ತಡವಾದರೆ ಬರೆದವನಿಗೆ ಧೈರ್ಯ ಸಾಲದು ಎಂದರ್ಥ. ಪತ್ತೇದಾರನಿಗೆ ಹೆಂಡತಿ ಇರಬಾರದು. ಇದ್ದರೆ ಅವನು ಕೋಟು ಬಿಚ್ಚುವಷ್ಟರಲ್ಲಿ ಅವಳು ಎಲ್ಲವನ್ನೂ ಕಂಡುಹಿಡಿದು ಮುಗಿಸಿರುತ್ತಾಳೆ. ಕೊನೆಯಲ್ಲಿ ಇದ್ದಕ್ಕಿದ್ದಂತೆ ಅವಳಿ ತಮ್ಮನನ್ನು ತಂದು ನಿಲ್ಲಿಸುವ ಲೇಖಕರನ್ನು ನಾನು ಕ್ಷಮಿಸುವುದಿಲ್ಲ. ಇನ್ನು, ಸಿಕ್ಕಿಬಿದ್ದ ಕೊಲೆಗಾರ ನಾಲ್ಕು ಪುಟ ನಿಲ್ಲದೆ ತಪ್ಪೊಪ್ಪಿಕೊಳ್ಳುವುದನ್ನು ಕೋಣೆಯಲ್ಲಿರುವವರೆಲ್ಲ ಬಾಯಿ ಮುಚ್ಚಿ ಕೇಳುತ್ತಾರಲ್ಲ, ಅದನ್ನು ನಾನು ಯಾವತ್ತೂ ನಂಬಿಲ್ಲ. ನಮ್ಮ ಮನೆಯಲ್ಲಿ ಒಬ್ಬರು ಎರಡು ವಾಕ್ಯ ಪೂರ್ತಿ ಹೇಳಿದ್ದನ್ನೇ ನಾನು ಕಂಡವಳಲ್ಲ. ನಡುನಡುವೆ ಪ್ರೇಮದ ಕಾದಂಬರಿಗಳನ್ನೂ ಓದಿದ್ದೇನೆ. ಅಲ್ಲಿ ನಾಯಕಿ ಎಷ್ಟೇ ಬಡವಳಾದರೂ ಪುಟಕ್ಕೊಂದು ಬಣ್ಣದ ಸೀರೆ. ಓದುವಾಗ ಹಾಯಾಗಿರುತ್ತದೆ, ನಿಜ. ಆದರೆ ಎದೆ ಬಡಿದುಕೊಳ್ಳದಿದ್ದರೆ ನನಗೆ ಓದಿದಂತೆ ಆಗುವುದಿಲ್ಲ.

ಈ ಚಟ ಹತ್ತಿದ್ದು ಬಸವಕಲ್ಯಾಣದಲ್ಲಿ, ಖಾಸೀಮ್ ಚಾಚಾ ಅವರ ಅಂಗಡಿಯಲ್ಲಿ. ಚಾಚಾ ಗಡಿಯಾರ ರಿಪೇರಿ ಮಾಡುವವರು. ಕೋಟೆಯ ಕಡೆ ಹೋಗುವ ಬಜಾರದ ರಸ್ತೆಯಲ್ಲಿ, ಇಬ್ಬರು ನಿಂತರೆ ಮೂರನೆಯವರು ರಸ್ತೆಗೆ ಬೀಳುವಷ್ಟು ಸಣ್ಣ ಅಂಗಡಿ. ಮುಂದೆ ಗಾಜಿನ ಪೆಟ್ಟಿಗೆ, ಅದರ ಹಿಂದೆ ಚಾಚಾ, ಅವರ ಬಲಗಣ್ಣಿಗೆ ಸಿಕ್ಕಿಸಿದ ಪುಟ್ಟ ಭೂತಗನ್ನಡಿ. ಹಿಂದಿನ ಗೋಡೆಯ ಹಲಗೆಗಳ ಮೇಲೆ ಬಾಡಿಗೆಗೆ ಕೊಡುವ ಕಾದಂಬರಿಗಳು. ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ದುಂಡನೆಯ ನೇರಳೆ ಠಸ್ಸೆ. ರಟ್ಟಿನ ಮೇಲೆ ಪಿಸ್ತೂಲು ಹಿಡಿದ ಹೆಂಗಸರು. ನಮ್ಮ ಭಾಗದಲ್ಲಿ ಅಪರಾಧವೂ ಮೂರು ಭಾಷೆಗಳಲ್ಲಿ ನಡೆಯುತ್ತಿತ್ತು. ಕನ್ನಡದ ಕೊಲೆಗಳು ಬೆಂಗಳೂರಿನ ಬಂಗಲೆಗಳಲ್ಲಿ, ಮರಾಠಿಯವು ಪುಣೆಯ ವಾಡೆಗಳಲ್ಲಿ. ಉರ್ದುವಿನವು ಯಾವ ಊರಿನವೋ ತಿಳಿಯುತ್ತಿರಲಿಲ್ಲ, ಆದರೆ ಕೊಲ್ಲುವವನೂ ಬಹಳ ಅದಬಿನಿಂದ, ವಿನಯದಿಂದ ಮಾತಾಡಿ ಕೊಲ್ಲುತ್ತಿದ್ದ. ಉರ್ದುವಿನವನ್ನು ಚಾಚಾ ತಾವೇ ಓದಿ ನನಗೆ ಕತೆ ಹೇಳುತ್ತಿದ್ದರು. ನಮ್ಮ ಕಡೆಯವನು ಒಬ್ಬನೂ ಯಾವ ಕಾದಂಬರಿಯಲ್ಲೂ ಕೊಲೆಯಾಗಲಿಲ್ಲ ಎಂಬುದು ನನಗೆ ಆಗ ದೊಡ್ಡ ಅವಮಾನವೆನಿಸುತ್ತಿತ್ತು.

ಆಗ ನಾನು ಪಿಯುಸಿ. ತೊಂಬತ್ತರ ದಶಕದ ಮೊದಲ ವರ್ಷಗಳು. ಕಾಲೇಜು ಬಿಟ್ಟೊಡನೆ ಚಾಚಾ ಅಂಗಡಿಯ ಮೆಟ್ಟಿಲು. ಓದುವಾಗ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಅನುಮಾನದ ಪಟ್ಟಿ ಬರೆಯುತ್ತಿದ್ದೆ. ಡಾಕ್ಟರ್, ತೋಟದ ಮಾಲಿ, ಎರಡನೇ ಹೆಂಡತಿ. ಒಬ್ಬೊಬ್ಬರನ್ನೇ ಹೊಡೆದುಹಾಕುತ್ತ ಹೋಗುವುದು. ಹತ್ತರಲ್ಲಿ ಏಳು ಸಲ ನನ್ನ ಊಹೆ ಸರಿಯಾಗುತ್ತಿತ್ತು. ತಲೆ ತಿರುಗಲು ಅಷ್ಟು ಸಾಕಲ್ಲವೇ? ನಮ್ಮ ಇತಿಹಾಸದ ಮಾಸ್ತರರು ಕೂದಲಿಗೆ ಬಣ್ಣ ಹಚ್ಚುತ್ತಾರೆಂದು ಅವರ ಅಂಗಿಯ ಕಾಲರು ನೋಡಿ ಕಂಡುಹಿಡಿದಿದ್ದೆ. ಎದುರುಮನೆಯ ಬೆಕ್ಕಿನ ಹೆಜ್ಜೆ ನೋಡಿ ನಮ್ಮ ಮೊಸರು ಕುಡಿದದ್ದು ಅದೇ ಎಂದು ಸಾಬೀತುಪಡಿಸಿದ್ದೆ.

ಚಾಚಾ ಓದುವ ರೀತಿ ಬೇರೆ. ಅವರಿಗೆ ಕೊಲೆಗಾರ ಯಾರೆಂಬುದರಲ್ಲಿ ಅಷ್ಟು ಆಸಕ್ತಿಯಿರಲಿಲ್ಲ. ಒಮ್ಮೆ ನನ್ನ ಪಟ್ಟಿ ನೋಡಿ, "ಈ ಮಾಲಿ ಹೆಸರ ಹೊಡದು ಹಾಕೀದಿ. ಅವ ಮಾಡಿಲ್ಲ ಅಂತ ಗೊತ್ತಾತು, ಛಲೋ ಆತು. ಆದರ ಪೋಲೀಸರು ಅವನ್ನ ಠಾಣೆದಾಗ ಎರಡು ದಿನ ಕೂಡಿಸಿದ್ರಲ್ಲ, ಆವಾಗ ಅವನ ಹೇಣ್ತಿ ನಳದ ಮುಂದ ಪಾಳಿ ಹಚ್ಚಿ ಹ್ಯಾಂಗ ನಿಂತಳು? ಅದು ಯಾರೂ ಬರಿಯಂಗಿಲ್ಲ ನೋಡು ಬೇಟಿ" ಎಂದರು.

"ಅದೆಲ್ಲ ಬರದ್ರ ಪುಸ್ತಕ ಮುಗಿಯೋದು ಯಾವಾಗ ಚಾಚಾ?" ಎಂದು ನಾನು ನಕ್ಕಿದ್ದೆ.

ನಮ್ಮಪ್ಪನದು ಅದೇ ಬಜಾರದಲ್ಲಿ ಬಟ್ಟೆ ಅಂಗಡಿ. ಅಪ್ಪನ ಹತ್ತಿರ ಅಜ್ಜನ ಕಾಲದ ಒಂದು ವಿಲಾಯತಿ ಕೈಗಡಿಯಾರ ಇತ್ತು. ಮದುವೆ, ಸೀಮಂತಗಳಿಗೆ ಮಾತ್ರ ಕಟ್ಟಿಕೊಂಡು, ಬಂದ ಕೂಡಲೇ ಕಪಾಟಿನಲ್ಲಿಡುವ ವಸ್ತು. ಅದರ ಡಯಲ್ಲಿನ ಮೇಲೆ ಏಳರ ಅಂಕಿಯ ಹತ್ತಿರ ಎಳ್ಳಿನಷ್ಟು ಕಂದು ಕಲೆಯೊಂದಿತ್ತು. ಸಣ್ಣವಳಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ಅದನ್ನು ಇರುವೆಯೆಂದು ಉಗುರಿನಿಂದ ಸರಿಸಲು ನೋಡುತ್ತಿದ್ದೆ. ಆ ವರ್ಷ ಗಡಿಯಾರ ಹಿಂದೆ ಬೀಳತೊಡಗಿತು. ಅಪ್ಪ ಅದನ್ನು ಖಾಸೀಮ್ ಚಾಚಾ ಅವರಿಗೆ ಕೊಟ್ಟರು. ನಾಲ್ಕು ದಿನಕ್ಕೆ ರಿಪೇರಿಯಾಗಿ ಬಂತು. ಗಾಜು ಒರೆಸಲು ನನ್ನ ಕೈಗೆ ಕೊಟ್ಟಾಗ ನೋಡಿದರೆ ಏಳರ ಹತ್ತಿರ ಕಲೆ ಇಲ್ಲ.

ಆ ಕ್ಷಣ ನನಗೆ ಆದದ್ದು ದುಃಖವಲ್ಲ, ಭಯವಲ್ಲ, ಖುಷಿ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ಉಳಿದದ್ದನ್ನು ಹೇಳಿ ಪ್ರಯೋಜನವಿಲ್ಲ. ಕಡೆಗೂ ನಮ್ಮ ಮನೆಯಲ್ಲೊಂದು ಅಪರಾಧ ನಡೆದಿತ್ತು. ಭೂತಗನ್ನಡಿ ಇಲ್ಲದ್ದರಿಂದ ಅವ್ವನ ಕನ್ನಡಕ ತೆಗೆದುಕೊಂಡು ಡಯಲ್ಲನ್ನು ಪರೀಕ್ಷಿಸಿದೆ. ಹೊಚ್ಚ ಹೊಸದು. ಡಯಲ್ಲೇ ಬದಲಾದ ಮೇಲೆ ಒಳಗಿನ ಸಾಮಾನು ಉಳಿದಿರುತ್ತದೆಯೇ? ಒಳ್ಳೆಯ ವಿಲಾಯತಿ ಯಂತ್ರ ತೆಗೆದುಕೊಂಡು ಸಾಧಾರಣದ್ದನ್ನು ಕೂಡಿಸುವ ರಿಪೇರಿಯವರ ಬಗ್ಗೆ ಊರಿನಲ್ಲಿ ಮಾತುಗಳಿದ್ದವು. ನನ್ನ ಪಟ್ಟಿಯಲ್ಲಿ ಒಂದೇ ಹೆಸರಿತ್ತು. ಒಳ್ಳೆಯವನಂತೆ ಕಾಣುವವನೇ ಕೊನೆಗೆ ಸಿಕ್ಕಿಬೀಳುತ್ತಾನೆಂದು ನೂರು ಕಾದಂಬರಿಗಳು ನನಗೆ ಕಲಿಸಿದ್ದವು. ಆ ನೂರನ್ನೂ ಓದಲು ಕೊಟ್ಟವರು ಆ ಮನುಷ್ಯನೇ ಎಂಬುದು ನೆನಪಾಗಲಿಲ್ಲವೋ, ನೆನಪಾಗಿ ಇನ್ನಷ್ಟು ರುಚಿಕೊಟ್ಟಿತೋ, ಈಗ ಹೇಳಲಾರೆ.

ಭಾನುವಾರ ಮಧ್ಯಾಹ್ನ ಊಟಕ್ಕೆ ಅಪ್ಪನ ಗೆಳೆಯ, ಸೈಕಲ್ ಅಂಗಡಿಯ ಗುರುನಾಥ ಕಾಕಾ ಬಂದಿದ್ದರು. ಊಟವಾಗಿ ಎಲ್ಲರೂ ಪಡಸಾಲೆಯಲ್ಲಿ ಕೂತಾಗ ನಾನು ಎದ್ದುನಿಂತು, ಕೊನೆಯ ಅಧ್ಯಾಯದ ಪತ್ತೇದಾರನಂತೆ, ಒಂದೊಂದೇ ಹೆಜ್ಜೆ ಬಿಡಿಸಿ ಹೇಳಿದೆ. ಕಲೆ, ಹೊಸ ಡಯಲ್ಲು, ಒಳಗಿನ ಯಂತ್ರ, ಕಡೆಗೆ ಹೆಸರು. ಅಪ್ಪನ ಮುಖ ಬಿಗಿಯಿತು. ಗುರುನಾಥ ಕಾಕಾ ತೊಡೆ ತಟ್ಟಿ, "ಹುಡುಗಿ ಕಣ್ಣು ಹದ್ದಿನ ಕಣ್ಣದ" ಎಂದರು. ಅಣ್ಣ ರೇವಣಸಿದ್ಧ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಅವನು ನನಗಿಂತ ಮೂರು ವರ್ಷಕ್ಕೆ ದೊಡ್ಡವನು, ಡಿಗ್ರಿಯ ಕೊನೆಯ ವರ್ಷ. ಅವನು ಒಂದೂ ಮಾತಾಡಲಿಲ್ಲ. ನನ್ನ ಬುದ್ಧಿಗೆ ಬೆರಗಾಗಿದ್ದಾನೆ ಅಂದುಕೊಂಡೆ.

ಮರುದಿನ ಅಪ್ಪ, ಗುರುನಾಥ ಕಾಕಾ, ಅಣ್ಣ, ನಾನು ನಾಲ್ವರೂ ಹೊರಟೆವು. "ನೀನೂ ಬಾ. ಡಯಲ್ಲಿನ ಕಲಿ ಎಲ್ಲಿತ್ತು ಅಂತ ನೀನೇ ತೋರಸು" ಎಂದು ಅಪ್ಪ ಹೇಳಿದ್ದರು.

ಚಾಚಾ ಕಣ್ಣಿನ ಗಾಜು ತೆಗೆದು, "ಬರ್ರಿ ಸಾವಕಾರ್ರ. ಘಡಿ ಮತ್ತ ನಿಂತದೇನ್ರಿ?" ಎಂದರು.

"ಘಡಿ ನಿಂತಿಲ್ಲ. ಘಡಿನೇ ನಮ್ಮದಲ್ಲ" ಎಂದರು ಅಪ್ಪ. "ಡಬ್ಬಿ ಅಷ್ಟ ನಮ್ಮದು. ಒಳಗಿನ ಸಾಮಾನ ಬ್ಯಾರೆ ಹಾಕೀರಿ."

"ನಾ ಸಾಫ್ ಮಾಡಿ ಎಣ್ಣಿ ಬಿಟ್ಟೀನ್ರಿ. ಒಂದು ಸ್ಕ್ರೂ ಸುದ್ದಾ ಬದಲ ಮಾಡಿಲ್ಲ."

"ಹಂಗಾದ್ರ ಡಯಲ್ಲಿನ ಕಲಿ ಎಲ್ಲಿ ಹೋತು?" ಗುರುನಾಥ ಕಾಕಾ ದನಿ ಎತ್ತರಿಸಿದರು. ಎದುರಿನ ಚಹಾದಂಗಡಿಯ ನಾಗಪ್ಪ, ಪಕ್ಕದ ಕಾಳಿನಂಗಡಿಯ ಸಿದ್ರಾಮಪ್ಪ ಅಷ್ಟರಲ್ಲಿ ಬಂದು ನಿಂತಿದ್ದರು. "ತೋರಸವ್ವ ಸುವರ್ಣಾ."

ನಾನು ಏಳರ ಅಂಕಿಯ ಹತ್ತಿರ ಬೆರಳಿಟ್ಟು ತೋರಿಸಿದೆ. ಚಾಚಾ ಬೆರಳು ನೋಡಲಿಲ್ಲ, ನನ್ನನ್ನು ನೋಡಿದರು.

"ಬೇಟಿ, ನಾ ಬದಲ ಮಾಡೀನಿ ಅಂತ ನೀ ಹೇಳ್ತಿಯೇನು?"

"ಹೌದ್ರಿ" ಎಂದೆ.

ಅವರು ಗಡಿಯಾರದ ಹಿಂಬದಿ ಬಿಚ್ಚಿ ಗಾಜು ಸಿಕ್ಕಿಸಿಕೊಂಡು ನೋಡಿದರು. ಆಮೇಲೆ ಡಯಲ್ಲನ್ನು ನೋಡಿದರು. ತಲೆ ಎತ್ತಿ ಅಪ್ಪನ ಹೆಗಲ ಆಚೆ ಎಲ್ಲೋ ಒಂದು ಗಳಿಗೆ ನೋಡುತ್ತ ಕೂತರು. "ನಾ ಮಾಡಿಲ್ಲ" ಎಂದರು.

"ನೀ ಮಾಡಿಲ್ಲಂದ್ರ ಯಾರು ಮಾಡ್ಯಾರ? ಹೆಸರ ಹೇಳು" ಎಂದರು ಅಪ್ಪ. ಅಲ್ಲಿಯವರೆಗೆ ಬಹುವಚನದಲ್ಲಿದ್ದ ಮಾತು ಏಕವಚನಕ್ಕೆ ಇಳಿದದ್ದು ನನಗೂ ಕೇಳಿಸಿತು. ಚಾಚಾ ನಮ್ಮ ಜನದವರೇ ಆಗಿದ್ದರೆ ಅಪ್ಪನ ಮಾತು ಅಷ್ಟು ಬೇಗ ಇಳಿಯುತ್ತಿತ್ತೇ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಉತ್ತರ ಗೊತ್ತಿರುವುದರಿಂದಲೇ ಇರಬೇಕು, ಅಪ್ಪನನ್ನು ಎಂದೂ ಕೇಳಲಿಲ್ಲ.

"ನಾ ಮಾಡಿಲ್ಲ. ಅಷ್ಟ ಹೇಳ್ತೀನಿ."

ಗುರುನಾಥ ಕಾಕಾ ಕೈಚಾಚಿ, ಬಿಡಿಭಾಗಗಳನ್ನಿಟ್ಟಿದ್ದ ತಬಕವನ್ನು ಎತ್ತಿ ಬೋರಲು ಹಾಕಿದರು. ಯಾರ ಯಾರ ಗಡಿಯಾರಗಳದೋ ಸಾಸಿವೆಯಂಥ ಸ್ಕ್ರೂಗಳು, ಕೂದಲಿನಂಥ ಮುಳ್ಳುಗಳು, ಪುಟ್ಟ ಹಲ್ಲಿನ ಗಾಲಿಗಳು ಮೆಟ್ಟಿಲ ಮೇಲೆ, ರಸ್ತೆಯ ಧೂಳಿನಲ್ಲಿ ಚೆಲ್ಲಿದವು. "ಹುಡಕ್ರಿ, ಇದರಾಗೇ ಇರ್ತದ ನಿಮ್ಮ ಸಾಮಾನ" ಎಂದರು. ಯಾರೂ ಹುಡುಕಲಿಲ್ಲ. ಚಾಚಾ ಗಾಜಿನ ಪೆಟ್ಟಿಗೆಯ ಹಿಂದಿನಿಂದ ಇಳಿದುಬಂದು, ಮೊಣಕಾಲೂರಿ, ಒಂದು ಅಯಸ್ಕಾಂತದ ತುಂಡು ಹಿಡಿದು ಧೂಳಿನಲ್ಲಿ ಆಡಿಸತೊಡಗಿದರು. ನನ್ನ ಚಪ್ಪಲಿಯ ಪಕ್ಕದಲ್ಲೇ ಒಂದು ಸ್ಕ್ರೂ ಮಿನುಗುತ್ತಿತ್ತು. ಬಗ್ಗಿ ಎತ್ತಿಕೊಡಬಹುದಿತ್ತು. ಕೊಡಲಿಲ್ಲ.

ಮೂರನೆಯ ದಿನ ನಾನು ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಾಗ ಅಣ್ಣ ಬಂದ. ಒಂದು ಮೆಣಸಿನಕಾಯಿ ಎತ್ತಿ ತೊಟ್ಟು ಮುರಿಯುತ್ತ, "ಸುವರ್ಣಿ, ಆ ಡಯಲ್ ನಾ ಬದಲ ಮಾಡಸೀನಿ" ಎಂದ.

ಎರಡು ತಿಂಗಳ ಹಿಂದೆ ಗೆಳೆಯನ ಮದುವೆಗೆಂದು ಹುಮನಾಬಾದಿಗೆ ಹೋಗುವಾಗ ಅಪ್ಪನಿಗೆ ಹೇಳದೆ ಗಡಿಯಾರ ಕಟ್ಟಿಕೊಂಡು ಹೋಗಿದ್ದನಂತೆ. ಬೋರಿಂಗಿನ ಪಂಪಿನ ಹತ್ತಿರ ಮುಖ ತೊಳೆಯುವಾಗ ಕಲ್ಲಿನ ಮೇಲೆ ಬಿದ್ದು ಗಾಜು ಒಡೆದು ಡಯಲ್ಲು ಗೀಚಿಹೋಯಿತು. ಅಲ್ಲಿಯೇ ಒಬ್ಬರ ಹತ್ತಿರ ಎರಡನ್ನೂ ಹೊಸದು ಹಾಕಿಸಿ ತಂದು ಕಪಾಟಿನಲ್ಲಿಟ್ಟ. ಅಪ್ಪ ಗಮನಿಸಲಿಲ್ಲ.

"ಒಳಗಿನ ಸಾಮಾನ?"

"ಅದು ಅಜ್ಜಂದೇ ಅದ. ಯಾರೂ ಮುಟ್ಟಿಲ್ಲ."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ನೀ ಹೇಳಾಕ ಬಿಟ್ಟಿದ್ದೆಲ್ಲಿ?" ಎಂದ ಅಣ್ಣ. ಆಮೇಲೆ, "ಅಪ್ಪಗ ಹೇಳಬ್ಯಾಡ. ನಾನೇ ಹೇಳ್ತೀನಿ. ಎರಡ ದಿನ ತಡಿ" ಎಂದು ಕೈಹಿಡಿದುಕೊಂಡ.

ಎರಡು ದಿನ ಕಳೆದವು, ಬಜಾರಕ್ಕೆ ಹೋಗಿಬಂದು ಒಂಬತ್ತು ದಿನವಾಯಿತು. ಅಣ್ಣ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅಣ್ಣನಿಗೆ ಕೊಟ್ಟ ಮಾತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವೇನೆಂದರೆ, ಹದ್ದಿನ ಕಣ್ಣಿನ ಹುಡುಗಿ ಎಂಬ ಹೆಸರು ಆಗಲೇ ನಾಲ್ಕು ಮನೆ ತಿರುಗಿತ್ತು. ಚಾಚಾ ಅಂಗಡಿಯಿಂದ ತಂದ ಒಂದು ಕಾದಂಬರಿ ಇನ್ನೂ ನನ್ನ ಹತ್ತಿರವೇ ಇತ್ತು. ಓದಲೆಂದು ತೆರೆದರೆ ಒಂದೇ ಪುಟ ಮೂರು ಮೂರು ಸಲ ಓದಿದರೂ ಯಾರು ಯಾರಿಗೆ ಏನು ಹೇಳಿದರೆಂದು ತಿಳಿಯುತ್ತಿರಲಿಲ್ಲ. ಕಾಲೇಜಿಗೆ ಹೋಗಲು ಹಿಂದಿನ ಓಣಿ ಹಿಡಿದೆ. ಬಜಾರದಿಂದ ಬಂದವರು ಅಪ್ಪನ ಮುಂದೆ, "ಆತನ ಹಂತೀಕ ಈಗ ಯಾರೂ ಘಡಿ ಒಯ್ಯಂಗಿಲ್ಲ" ಎಂದು ಹೇಳುವಾಗ ನಾನು ಒಳಗೆ ಕೊಡ ತುಂಬುತ್ತ, ಅದು ಉಕ್ಕಿ ಹರಿಯುವವರೆಗೂ ನಿಂತಿರುತ್ತಿದ್ದೆ.

ಹತ್ತನೆಯ ದಿನ, ಪುಸ್ತಕ ತಿರುಗಿಸುವ ನೆವದಲ್ಲಿ ಹೋಗಿ ಎಲ್ಲ ಹೇಳಿಬಿಡುವುದೆಂದು ಹೊರಟೆ. ಅಂಗಡಿಗೆ ಬೀಗ. ಸಿದ್ರಾಮಪ್ಪನವರು, "ಆತ ಊರ ಬಿಟ್ಟ. ಹುಮನಾಬಾದದಾಗ ಮಗಳ ಮನಿ ಅದಲ್ಲ, ಅಲ್ಲಿಗೆ ಹೋದ" ಎಂದರು. ಪುಸ್ತಕವನ್ನು ಬಾಗಿಲ ಕೆಳಗಿನ ಸಂದಿಯಿಂದ ಒಳಗೆ ತೂರಿಸಿ, ಸೀದಾ ಅಪ್ಪನ ಅಂಗಡಿಗೆ ಹೋಗಿ, ಗಿರಾಕಿಗಳು ಹೋಗುವವರೆಗೆ ಕಾದು, ಹೇಳಿದೆ. ಅಪ್ಪ ಬಟ್ಟೆ ಅಳೆಯುವ ಮೀಟರು ಹಿಡಿದುಕೊಂಡೇ ಕೇಳಿದರು.

"ನಿನ್ನ ಮಾತ ಕೇಳಿ ನಾ ಹೋದೆ" ಎಂದರು. ಮೀಟರನ್ನು ಕೆಳಗಿಟ್ಟು, "ಈಗ ಏನ್ ಮಾಡಾಕ ಬರ್ತದ? ಆತ ಊರೇ ಬಿಟ್ಟಾನ. ಮತ್ತ ಈ ಮಾತ ತಗೀಬ್ಯಾಡ" ಎಂದರು. ಅಣ್ಣನಿಗೆ ಏನಂದರೋ ನನಗೆ ತಿಳಿಯದು. ಆ ವಾರ ಅವರಿಬ್ಬರೂ ಒಟ್ಟಿಗೆ ಊಟಕ್ಕೆ ಕೂರಲಿಲ್ಲ. ಆ ಗಡಿಯಾರವನ್ನು ಅಪ್ಪ ಮತ್ತೆ ಕಟ್ಟಿಕೊಳ್ಳಲಿಲ್ಲ. ಕೆಲವು ತಿಂಗಳ ನಂತರ ಸೇಂಗಾ ಕೊಂಡ ಪೊಟ್ಟಣ ಬಿಚ್ಚಿದರೆ ಒಳಗೆ ದುಂಡನೆಯ ನೇರಳೆ ಠಸ್ಸೆಯ ಹಾಳೆ. ಸೇಂಗಾ ತಿನ್ನಲಾಗಲಿಲ್ಲ.

ಆಮೇಲೆ ಎರಡು ವರ್ಷ ನಾನು ಒಂದೂ ಕಾದಂಬರಿ ಓದಲಿಲ್ಲ. ಮತ್ತೆ ಓದತೊಡಗಿದಾಗ ಪಟ್ಟಿ ಬರೆಯುವುದನ್ನು ಬಿಟ್ಟಿದ್ದೆ. ಅದರ ಬದಲು ಬೇರೊಂದು ಕಾಟ ಶುರುವಾಯಿತು. ಅನುಮಾನಕ್ಕೆ ಸಿಕ್ಕು ಬಿಡುಗಡೆಯಾದವರನ್ನು ಹುಡುಕುತ್ತ ಓದುವುದು. ಅರವತ್ತನೇ ಪುಟದಲ್ಲಿ ಪೋಲೀಸರು ಎಳೆದೊಯ್ದ ಡ್ರೈವರು ಎಂಬತ್ತನೇ ಪುಟದಲ್ಲಿ ನಿರಪರಾಧಿಯಾಗುತ್ತಾನೆ. ಆಮೇಲೆ ಅವನ ಸುದ್ದಿಯಿಲ್ಲ. ಲೇಖಕನಿಗೆ ಅವನು ಬೇಡ, ಓದುಗನಿಗೂ ಬೇಡ. ಎಷ್ಟೋ ಒಳ್ಳೆಯ ಕಾದಂಬರಿಗಳನ್ನು ನಾನು ಇದೇ ಕಾರಣಕ್ಕೆ ಸಿಟ್ಟಿನಿಂದ ಮುಚ್ಚಿಟ್ಟಿದ್ದೇನೆ. ಒಮ್ಮೆ ಒಬ್ಬ ಲೇಖಕರಿಗೆ ಈ ಬಗ್ಗೆ ಪತ್ರವನ್ನೂ ಬರೆದೆ. ಉತ್ತರ ಬರಲಿಲ್ಲ. ನನ್ನ ಅಕ್ಷರ ನೋಡಿ ಹೆದರಿರಬೇಕು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಮದುವೆಯಾಯಿತು. ಗಂಡನ ಮನೆ ಹುಮನಾಬಾದು. ಗಂಡು ನೋಡಲು ಬಂದಾಗ ಊರಿನ ಹೆಸರು ಕೇಳಿಯೇ ನಾನು ತಲೆ ತಗ್ಗಿಸಿದ್ದೆ. ಹುಡುಗಿ ನಾಚಿಕೆಯಿಂದ ತಲೆ ತಗ್ಗಿಸಿದಳೆಂದು ಎಲ್ಲರೂ ಸಂತೋಷಪಟ್ಟರು. ಮೊದಲ ಎರಡು ವರ್ಷ ಎಲ್ಲಿಯೂ ಚಾಚಾ ಕಾಣಲಿಲ್ಲ. ಆಮೇಲೊಂದು ದಿನ, ಬಸ್‌ಸ್ಟ್ಯಾಂಡಿನ ಹತ್ತಿರ ತರಕಾರಿ ತರಲು ಹೋದಾಗ, ಚಹಾದಂಗಡಿಯ ಕಟ್ಟೆಯ ಮೇಲೆ ಒಂದು ಗಾಜಿನ ಪೆಟ್ಟಿಗೆ, ಹಿಂದೆ ಬಿಳಿಗಡ್ಡದ ಒಬ್ಬರು, ಕಣ್ಣಿಗೆ ಸಿಕ್ಕಿಸಿದ ಗಾಜು. ಸೊಪ್ಪು ಕೊಳ್ಳದೆ ಮನೆಗೆ ಬಂದೆ. ಆಮೇಲೆ ಮೂರು ತಿಂಗಳು ಆ ದಾರಿ ಹಿಡಿಯಲಿಲ್ಲ. ಸಂತೆಗೆ ಹೋದರೆ ಸುತ್ತುಬಳಸಿ ಬರುತ್ತಿದ್ದೆ. ಬದನೆಕಾಯಿ ಬಾಡಿರುತ್ತಿದ್ದವು. "ಅಷ್ಟ ದೂರ ಯಾಕ ಹೋಗ್ತಿ?" ಎಂದು ಗಂಡ ಕೇಳಿದಾಗ ಒಂದಲ್ಲ ಒಂದು ಸುಳ್ಳು. ಕಡೆಗೊಂದು ದಿನ ಸುಳ್ಳು ತೀರಿತು. ಎಲ್ಲವನ್ನೂ ಹೇಳಿದೆ. ಅವರು, "ಹೋಗಿ ಮಾತಾಡು. ನಾ ಬೇಕಾದ್ರ ಬರ್ತೀನಿ" ಎಂದರು. ಒಬ್ಬಳೇ ಹೋದೆ.

ಸಂಜೆ ನಾಲ್ಕರ ಹೊತ್ತು. ಚಹಾದಂಗಡಿಯಲ್ಲಿ ಐದಾರು ಜನರಿದ್ದರು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಚಾಚಾ ತಲೆ ಎತ್ತಿದ ಕೂಡಲೇ ಒಂದೇ ಉಸಿರಿಗೆ ಹೊರಬಿದ್ದವು. "ಚಾಚಾ, ನಾ ಸುವರ್ಣಾ. ಬಸವಕಲ್ಯಾಣದಾಕಿ. ನೀವು ಕಳುವು ಮಾಡಿರಲಿಲ್ಲ. ನಾನೇ ಸುಳ್ಳ ಹೆಸರ ಹಚ್ಚಿದೆ. ಬಜಾರದಾಗ ನಿಮಗ ಕಳ್ಳ ಅಂದೆ." ಎಲ್ಲರೆದುರು ಅಂದದ್ದನ್ನು ಎಲ್ಲರೆದುರೇ ಹಿಂತೆಗೆದುಕೊಳ್ಳಬೇಕೆಂದು ದನಿ ಎತ್ತರಿಸಿಯೇ ಹೇಳಿದೆ. ನನಗೆ ಅದು ಧೈರ್ಯವೆನಿಸಿತ್ತು.

ಚಹಾದವನು ಸೋಸುವುದನ್ನು ನಿಲ್ಲಿಸಿ ತಿರುಗಿದ. "ಏನ್ ಕಳುವು ಚಾಚಾ?"

ಚಾಚಾ ಮುಖದಲ್ಲಿ ನಾನು ನಿರೀಕ್ಷಿಸಿದ್ದ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. ಭಯವಿತ್ತು. "ಏನಿಲ್ಲಪ್ಪ" ಎಂದು ನಗಲು ನೋಡಿದರು. "ಈಕಿ ನಮ್ಮ ಊರ ಹುಡುಗಿ. ಯಾವುದೋ ಕಾದಂಬರಿ ಕಥಿ ಹೇಳಾಕತ್ತಾಳ. ಸಣ್ಣಾಕಿದ್ದಾಗಿಂದ ಓದೋ ಹುಚ್ಚು." ಚಹಾದವನು ಮತ್ತೆ ಸೋಸತೊಡಗಿದ, ಆದರೆ ಕಿವಿ ಇತ್ತಲೇ ಇತ್ತು. ಚಾಚಾ ಪೆಟ್ಟಿಗೆಯ ಮೇಲೆ ಬಾಗಿ, ತುಟಿ ಅಲುಗಿದ್ದೂ ಕಾಣದಂತೆ, "ಸಾವಕಾಶ ಮಾತಾಡು ಬೇಟಿ. ಈ ಊರಾಗ ಆ ಮಾತು ಯಾರಿಗೂ ಗೊತ್ತಿಲ್ಲ. ಎಂಟ ವರ್ಷ ಆತು, ಇಲ್ಲಿ ನಾ ಬರೇ ಘಡಿ ಚಾಚಾ" ಎಂದರು.

ನಾನು ಏನು ಮಾಡಿದ್ದೆನೆಂಬುದು ಆಗ ತಿಳಿಯಿತು. ಕ್ಷಮೆ ಕೇಳಲು ಬಂದವಳು, ಇಲ್ಲಿಲ್ಲದ ಅನುಮಾನವನ್ನು ಕೈಯಾರೆ ತಂದು ಅವರ ಕಟ್ಟೆಯ ಮೇಲಿಟ್ಟಿದ್ದೆ. ಕಟ್ಟೆಯ ಅಂಚಿಗೆ ಕೂತೆ. ಚಾಚಾ ನೀರು ತರಿಸಿ ಕೊಟ್ಟರು. ಕುಡಿದು ಲೋಟ ಕೆಳಗಿಟ್ಟು ಮೆಲ್ಲನೆ ಕೇಳಿದೆ. "ಡಯಲ್ ನೋಡಿದ ಕೂಡಲೇ ನಿಮಗ ತಿಳಿದಿರಬೇಕು, ಮೊದಲೇ ಬದಲಾಗ್ಯಾದ ಅಂತ. ಯಾಕ ಹೇಳಲಿಲ್ರಿ?"

"ರಿಪೇರಿಗೆ ಬಂದ ದಿನಾನೇ ತಿಳದಿತ್ತು. ನಿಮ್ಮಪ್ಪ ಹೆಸರ ಕೇಳಿದ. ಅವನ ಹಿಂದ ನಿಮ್ಮಣ್ಣ ನಿಂತಿದ್ದ. ಮಾರಿ ಸುಣ್ಣಾಗಿತ್ತು. ಹತ್ತ ಮಂದಿ ಮುಂದ ಅವನ ಹೆಸರ ಹ್ಯಾಂಗ ಹೇಳಲಿ? ಹುಡುಗ ತಾನೇ ಹೇಳ್ತಾನ ಅಂದುಕೊಂಡೆ. ಇವತ್ತಿಲ್ಲ ನಾಳಿ ಹೇಳ್ತಾನ ಅಂತ ಒಂಬತ್ತ ದಿನ ಅಂಗಡಿ ತಗದು ಕುಂತೆ. ಯಾರೂ ಬರಲಿಲ್ಲ. ನೀನೂ ಬರಲಿಲ್ಲ."

ಹತ್ತನೆಯ ದಿನ ಬಂದಿದ್ದೆ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಇನ್ನೂ ಕೆಟ್ಟದಾಗಿ ಕೇಳಿಸೀತು ಎನಿಸಿ ಮುಚ್ಚಿದೆ.

"ಹೇಳೋದಿದ್ರ ಅಲ್ಲಿ ಹೇಳ್ರಿ" ಎಂದರು ಚಾಚಾ, ಗಾಜನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತ. "ಎಲ್ಲಿ ಆತೋ ಅಲ್ಲಿ. ಇಲ್ಲಿ ಏನದ?"

ಆ ವಾರವೇ ಬಸವಕಲ್ಯಾಣಕ್ಕೆ ಹೋದೆ. ಅಪ್ಪ ಊಟ ಮಾಡುವಾಗ ಎದುರಿಗೆ ಕೂತು, ಚಾಚಾ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಅಣ್ಣನ ಮುಖ ನೋಡಿ ಸುಮ್ಮನಾದದ್ದನ್ನು ಹೇಳುವಾಗ ಅಪ್ಪನ ಕೈ ತಟ್ಟೆಯಲ್ಲಿ ನಿಂತಿತು. ಕೈ ಒಣಗುವವರೆಗೂ ಹಾಗೆಯೇ ಕೂತಿದ್ದು ಎದ್ದುಹೋದರು. ಆಗ ಅಣ್ಣನೂ ಬಟ್ಟೆ ಅಂಗಡಿಯಲ್ಲೇ ಕೂರುತ್ತಿದ್ದ. ಅವನಿಗೂ ಹೇಳಿದೆ. ಅವನು, "ನನಗ ದಿನಾ ಆ ತಬಕದ ಸಪ್ಪಳ ಕೇಳಸ್ತದ" ಎಂದಷ್ಟೇ ಹೇಳಿದ.

ಹದಿನೈದು ದಿನ ಏನೂ ಸುದ್ದಿಯಿಲ್ಲ. ಇನ್ನು ಆಗುವುದಿಲ್ಲವೆಂದು ಅಂದುಕೊಂಡಿದ್ದೆ. ಒಂದು ಮುಂಜಾನೆ ಪಕ್ಕದ ಮನೆಯ ಫೋನಿಗೆ ಅಪ್ಪನ ಕರೆ ಬಂತು. "ನಾನು, ರೇವಣ್ಣ ಇಬ್ಬರೂ ಹೋಗಿದ್ವಿ" ಎಂದರು. "ಬಜಾರದಾಗ ಅಂಗಡಿ ಅಂಗಡಿಗೆ. ಘಡಿ ಮುರದಂವ ನಮ್ಮ ಮಗ, ಖಾಸೀಮ್‌ಗ ಸುಳ್ಳ ಹೆಸರ ಹಚ್ಚಿದವ ನಾನು ಅಂತ ಹೇಳಿದೆ. ಅರ್ಧ ಮಂದಿಗೆ ನೆನಪೇ ಇಲ್ಲ. ಸಿದ್ರಾಮಪ್ಪ ಕೇಳಿ ಕಣ್ಣೀರ ಹಾಕಿದ. ನಾಗಪ್ಪಗ ನೆನಪಿತ್ತು. 'ಆದರ ಆತ ಕದ್ದಿದ್ದು ಖರೇ ಅಲ್ಲೇನ್ರಿ' ಅಂದ. ಮೂರ ಸಲ ಹೇಳಬೇಕಾತು." ಆಮೇಲೆ, "ಆತಗ ಹೇಳು. ನಾ ಬಂದು ಹೇಳ್ತಿದ್ದೆ, ಆದರ ಮಾರಿ ತೋರಸಾಕ..." ಎಂದು ಇಟ್ಟುಬಿಟ್ಟರು.

ಅದೇ ಸಂಜೆ ಕಟ್ಟೆಯ ಹತ್ತಿರ ಹೋದೆ. ಈ ಸಲ ಪಿಸುದನಿಯಲ್ಲಿ, ಚಹಾದವನು ಒಳಗೆ ಹೋಗುವುದನ್ನು ಕಾದು, ಎಲ್ಲ ಹೇಳಿದೆ. ಚಾಚಾ ಕೈಯಲ್ಲಿದ್ದ ಚಿಮಟಿಗೆಯನ್ನು ಕೆಳಗಿಟ್ಟು ಕೇಳಿದರು. ಮುಖ ಸಡಿಲಾದಂತೆ ಕಂಡಿತು. ಅಥವಾ ಹಾಗೆ ಕಾಣಲೆಂದು ನಾನು ಬಯಸಿದ್ದೆನೋ.

"ಸಿದ್ರಾಮಪ್ಪಗ ಹೇಳ್ಯಾರ?"

"ಹೇಳ್ಯಾರ್ರಿ. ಆತ ಕಣ್ಣೀರ ಹಾಕಿದನಂತ."

"ನಾಗಪ್ಪಗ?"

"ಮೂರ ಸಲ ಹೇಳ್ಯಾರಂತ."

"ಗುರುನಾಥಗ?"

ಗುರುನಾಥ ಕಾಕಾ ಹಿಂದಿನ ವರ್ಷವೇ ತೀರಿಕೊಂಡಿದ್ದರು. ನಿಜ ತಿಳಿದ ಮೇಲೂ ಅಪ್ಪ ಅವರೊಡನೆ ಎಂದಿನಂತೆ ಚಹಾ ಕುಡಿದಿದ್ದರು, ಆ ಮಾತು ತೆಗೆದಿರಲಿಲ್ಲ. ನಾನು ಅವರ ಮಣ್ಣಿಗೆ ಹೋಗಿದ್ದೆ. ನನಗೂ ಅಲ್ಲಿ ಅದು ನೆನಪಾಗಿರಲಿಲ್ಲ.

"ಅವರು ಇಲ್ರಿ ಚಾಚಾ. ಹೋದ ವರ್ಷ ಹೋದರು."

ಚಾಚಾ ಚಿಮಟಿಗೆ ಎತ್ತಿಕೊಂಡರು. ಯಾರದೋ ಗಡಿಯಾರದ ಮುಳ್ಳನ್ನು ಹಿಡಿಯಲು ನೋಡಿದರು. ಎರಡು ಸಲ ಜಾರಿತು.

"ಹಂಗಾದ್ರ ಅವ ನಾ ಕಳ್ಳ ಅಂತನೇ ತಿಳಕೊಂಡು ಹೋದ" ಎಂದರು.